ವಿಭೂತಿ ಹಚ್ಚಿಸಿಕೊಂಡ ಪೆನ್ನು

ಹಿರೇಕೆರೂರು
ಶುಕ್ರವಾರ, ೧೮ ಜುಲೈ ೨೦೨೫

ಪ್ರೀತಿಯ ಶ್ವೇತಕ್ಕಾ,

ಗಂಟಲು ಹೇಗಿದೆ? ಡಾಕ್ಟರು ಹೇಳಿದಂತೆ ಸುಮ್ಮನಿದ್ದೀಯೋ, ಇಲ್ಲ ಅವ್ವನ ಜೊತೆ ಪಿಸುಗುಟ್ಟುತ್ತಿದ್ದೀಯೋ? ಪಿಸುಮಾತೂ ಬೇಡವೆಂದಿದ್ದಾರೆ, ನೆನಪಿರಲಿ. ಅವ್ವನ ಮೊಣಕಾಲು ನೋವು ಕಡಿಮೆಯಾಯಿತೇ? ಫೋನ್ ಮಾಡಿದರೆ ನೀನು ಮಾತಾಡುವಂತಿಲ್ಲ, ಮೆಸೇಜ್ ಕಳಿಸಿದರೆ ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತೀ. ಅದಕ್ಕೇ ಈ ಕಾಗದ.

ನೀನು ರಜೆ ಹಾಕಿ ಹೋದ ಮೇಲೆ ನಮ್ಮ ಶಾಲೆಗೆ ಡಿಜಿಟಲ್ ಪೆನ್ ಬಂದಿದೆ. ತುದಿಯಲ್ಲೊಂದು ಪುಟ್ಟ ಕ್ಯಾಮೆರಾ. ಸಣ್ಣ ಸಣ್ಣ ಚುಕ್ಕೆಗಳಿರುವ ಅದರದೇ ಕಾಗದದ ಮೇಲೆ ಬರೆದರೆ, ಬರೆದದ್ದೆಲ್ಲ ಆಗಲೇ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಮೂಡುತ್ತದೆ. ಮಳೆ ಬಂದರೆ ಸೋರುವ ಶಾಲೆಗೆ ಇದೊಂದು ಕಡಿಮೆಯಾಗಿತ್ತು ನೋಡು. ಹೆಡ್‌ಮಾಸ್ತರ ಚನ್ನವೀರಪ್ಪನವರಿಗೆ ಅದರ ಮುಚ್ಚಳ ತೆಗೆಯುವುದು ತಿಳಿಯಲಿಲ್ಲ, ಪೂಜೆ ಮಾಡದೆ ಮುಟ್ಟಬಾರದೆಂಬುದು ಮಾತ್ರ ಚೆನ್ನಾಗಿ ತಿಳಿದಿತ್ತು. ನಿನ್ನೆ ಆಡಳಿತ ಮಂಡಳಿಯ ಅಧ್ಯಕ್ಷರನ್ನೂ ಊರ ಹಿರಿಯರನ್ನೂ ಮುಂದೆ ಕೂರಿಸಿಕೊಂಡು, ಪೆನ್ನಿಗೆ ತುದಿಯಿಂದ ಬುಡದವರೆಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಕಾಗದಕ್ಕೂ ಅರಿಶಿನ ಹಚ್ಚಿ, ಕಾಯಿ ಒಡೆದು, ಆಮೇಲೆ 'ಓಂ' ಎಂದು ಬರೆದರು. ಗೋಡೆ ಬೆಳ್ಳಗೇ ಇತ್ತು. ಒತ್ತಿ ಬರೆದರು, ಕಾಗದ ಹರಿಯಿತು. ಕ್ಯಾಮೆರಾದ ಕಣ್ಣು ವಿಭೂತಿಯಲ್ಲಿ ಮುಚ್ಚಿಹೋದದ್ದು ಎಂಟನೇ ತರಗತಿಯ ಹುಡುಗಿಯರಿಗೂ ಗೊತ್ತಾಗಿ, ಅವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಹೆಡ್‌ಮಾಸ್ತರು ಕರೆಂಟಿನವರನ್ನು ಬೈದರು, ಪೆನ್ನು ಮಾರಿದವನನ್ನು ಬೈದರು. ಮುಹೂರ್ತವೇ ಸರಿಯಿರಲಿಲ್ಲವೆಂದು ತೀರ್ಪು ಕೊಟ್ಟು ಅಧ್ಯಕ್ಷರು ಉಪ್ಪಿಟ್ಟು ತಿಂದು ಎದ್ದುಹೋದರು.

ಇದೇ ಬುದ್ಧಿವಂತ ಹೆಡ್‌ಮಾಸ್ತರು ನಿನ್ನ ಬಗ್ಗೆ ನನ್ನೆದುರಿಗೇ ಹೇಳಿದ್ದೇನು ಗೊತ್ತೇ? "ದನಿ ಇಲ್ಲದಾಕಿನ್ನ ಇಟ್ಕೊಂಡು ಏನ್ ಮಾಡೂದೈತಿ? ಅಧ್ಯಕ್ಷರ ಸೊಸಿ ಅದಾಳಲ್ಲ." ಸೋಮವಾರ ನೀನು ಹಾಜರಾಗದಿದ್ದರೆ ನಿನ್ನ ಜಾಗ ಆ ಸೊಸೆಗೆ. ಅಷ್ಟು ವರ್ಷ ಸೀಮೆಸುಣ್ಣದ ಧೂಳು ನುಂಗಿ, ಮಕ್ಕಳ ಗದ್ದಲದ ಮೇಲೆ ಕೂಗಿ ಕೂಗಿ ನಿನ್ನ ಗಂಟಲು ಹೋದದ್ದು ಇವರ ಶಾಲೆಯಲ್ಲೇ ಅಲ್ಲವೇ? ನನಗೆ ಮೈಯೆಲ್ಲ ಉರಿಯಿತು. ನಿನ್ನ ಮೇಲೂ ಸಿಟ್ಟಿದೆ. ರಾಜೀನಾಮೆ ಕೊಡುತ್ತೇನೆಂದು ಅವ್ವನಿಗೆ ಬರೆದು ತೋರಿಸಿದೆಯಂತೆ. ಇಂಥವರ ಮಾತಿಗೂ ಬೆಲೆ ಕೊಡುತ್ತೀಯಲ್ಲ.

ಅವ್ವನ ಪಾದಗಳಿಗೆ ನನ್ನ ನಮಸ್ಕಾರ. ಕಷಾಯ ಕುಡಿಯಲು ಹಟ ಮಾಡಬೇಡ.

ನಿನ್ನ ತಂಗಿ,
ಅಂಕಿತಾ

ತಾ.ಕ.: ನೀವಿರುವ ಸವಣೂರಿಗೇ ಹೊರಟ ಪಕ್ಕದ ಮನೆಯ ರೋಶನಬಿ ಈ ಕಾಗದಕ್ಕಾಗಿ ಬಾಗಿಲಲ್ಲೇ ನಿಂತಿದ್ದಾಳೆ, ಬೇಗ ಹೇಳುತ್ತೇನೆ. ಇವತ್ತು ಹೆಡ್‌ಮಾಸ್ತರು ಹಾವೇರಿಗೆ ಹೋಗಿದ್ದರು. ಪೆನ್ನಿನ ತುದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹೊಸ ಕಾಗದ ತೆಗೆದುಕೊಂಡು ನಿನ್ನ ಎಂಟನೇ ತರಗತಿಗೆ ಹೋದೆ. ಬರೆದದ್ದೆಲ್ಲ ಗೋಡೆಯ ಮೇಲೆ ಬಂತು. ಕುರ್ಚಿಯಲ್ಲಿ ಕುಳಿತು, ಮಕ್ಕಳ ಕಡೆ ಮುಖ ಮಾಡಿ, ಒಂದು ಮಾತೂ ಆಡದೆ ಇಡೀ ಪಾಠ ಮುಗಿಸಿದೆ. ಧೂಳಿಲ್ಲ, ಕೂಗಾಟವಿಲ್ಲ. ಸೋಮವಾರ ಮೊದಲ ಪಿರಿಯಡ್ ನಿನ್ನದು, ಬಂದುಬಿಡು. ನಿಮಗೆ ಕಲಿಸುವ ಶ್ವೇತಾ ಅಕ್ಕೋರು ಮಾತಾಡುವಂತಿಲ್ಲ, ಹೀಗೆ ಬರೆದೇ ಕಲಿಸಿದರೆ ನಡೆದೀತೇ ಎಂದು ಕೊನೆಗೆ ಗೋಡೆಯ ಮೇಲೆಯೇ ಬರೆದು ಕೇಳಿದೆ. ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು: "ಅಕ್ಕೋರು ಬರೀಲ್ರಿ, ನಾವು ಓದಿ ಒದರ್ತೇವ್ರಿ."