ತಾರಸಿಯ ಮೇಲೆ ನಿಂತಿದ್ದ ಸಾಹೇಬರು

ಅಣ್ಣಾ,

ನೀನು ಮುನಿಸಿಕೊಂಡಿದ್ದೀಯೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಲಕೋಟೆ ಬಿಟ್ಟು ಕಾರ್ಡಿನಲ್ಲಿ ಬರೆದಿದ್ದು, ಅಂಚೆಯವನೂ ಓದಿ ಬೀದಿಗೆಲ್ಲ ಹೇಳಲಿ ಅಂತ.

ಹೊರಡುವಾಗ "ಕಾಡು ಹಾಳು ಮಾಡೋಕೆ ಹೋಗೋಳು ಮತ್ತೆ ಈ ಹೊಸ್ತಿಲು ತುಳೀಬೇಡ" ಅಂದೆಯಲ್ಲ, ಕೇಳು. ಹಳ್ಳದ ನೀರಿನಿಂದ ಕರೆಂಟು ತೆಗೆಯುವ ಈ ಪುಟ್ಟ ಕಟ್ಟಡದ ಗೋಡೆ ಕಟ್ಟಿದವಳು ನಾನೇ. ಇದು ರಕ್ಷಿತ ಕಾಡು. ದಾರಿಹೋಕರಿಗೆ ಕಟ್ಟಡ ಕಾಣಲೇಬಾರದೆಂದು ನಿಯಮ. ಅದಕ್ಕೇ ಅರ್ಧ ನೆಲದೊಳಗೆ ಇಳಿಸಿ, ಅಗೆದ ಕಲ್ಲನ್ನೇ ಗೋಡೆಗೆ ಹೊದಿಸಿ, ತಾರಸಿಗೆ ಮಣ್ಣು ಹಾಕಿ ಹುಲ್ಲು ಬೆಳೆಸಿದೆವು. ನಿನ್ನೆ ಅರಣ್ಯ ಇಲಾಖೆಯ ಸಾಹೇಬರು ತಪ್ಪು ಹಿಡಿಯಲೆಂದೇ ಬಂದರು. ಸರಿಯಾಗಿ ನನ್ನ ತಲೆಯ ಮೇಲೆ, ಆ ಹುಲ್ಲಿನಲ್ಲೇ ನಿಂತು, "ಎಲ್ರೀ ನಿಮ್ಮ ಕಟ್ಟಡ? ಇನ್ನೂ ಎಷ್ಟು ನಡೀಬೇಕು?" ಅಂತ ಕೂಗಿದರು. ನಾನು ಒಳಗಿನಿಂದ, "ಅದರ ಮೇಲೇ ನಿಂತಿದೀರಿ ಸಾರ್, ಹುಲ್ಲು ತುಳೀಬೇಡಿ" ಅಂದೆ.

ನೀರು ತಿರುಗಿಸಲು ಕಟ್ಟಿದ ಅಡ್ಡಗಟ್ಟೆಯ ಕೆಳಗೆ ಹಳ್ಳ ಸ್ವಲ್ಪ ಸೊರಗಿರುವುದು ನಿಜ. ಅದನ್ನೂ ಮುಚ್ಚಿಡುವವಳಲ್ಲ ನಾನು.

ನನ್ನ ಕೆಮ್ಮು ಹೋಯಿತು, ಅತ್ತಿಗೆಗೆ ಹೇಳು. ಕಾರ್ಡಿನಲ್ಲಿ ಜಾಗ ಮುಗಿಯಿತು. ಒಮ್ಮೆ ಬಾ. ಕಟ್ಟಡವನ್ನು ನೀನೇ ಹುಡುಕಿ ತೋರಿಸಿದರೆ ಅವತ್ತೇ ಕರಣೆ ಕೆಳಗಿಟ್ಟು ಗಾರೆ ಕೆಲಸ ಬಿಡುತ್ತೇನೆ. ಸಿಗದಿದ್ದರೆ ನಾನೇ ಬಾಗಿಲು ತೆಗೆದು ಒಳಗೆ ಕರೆಯುತ್ತೇನೆ. ನಿನ್ನ ಹಾಗೆ ಹೊರಗೆ ನಿಲ್ಲಿಸುವುದಿಲ್ಲ.

ಇನ್ನೂ ನಿನ್ನ ತಂಗಿಯೇ