ಸಿಡಿಯದೆ ನಿಂತ ಅಯಸ್ಕಾಂತಗಳು

ಮಾರ್ಚ್ ೧೪, ಗುರುವಾರ

ಮೂರು ವಾರದಿಂದ ತಲೆ ತಿನ್ನುತ್ತಿದ್ದದ್ದು ಇವತ್ತು ಬಗೆಹರಿಯಿತು. ಮಕ್ಕಳ ಆಟವೊಂದಕ್ಕಾಗಿ ಕಂಪ್ಯೂಟರಿನಲ್ಲಿ ನಾನು ಮಾಡಿದ ಪುಟ್ಟ ಅಯಸ್ಕಾಂತಗಳು ಹತ್ತಿರ ಬಂದೊಡನೆ ಒಂದರೊಳಗೊಂದು ನುಗ್ಗಿ, ಸಿಡಿದು, ಪರದೆಯಾಚೆ ಹಾರುತ್ತಿದ್ದವು. ನಾಳೆಯೂ ಹೀಗೇ ಆದರೆ ಈ ಆಟವನ್ನೇ ಕೈಬಿಡುವುದಾಗಿ ಆಫೀಸಿನ ಮೇಡಂ ಹೇಳಿದ್ದರು.

ಸಂಜೆ ಅಮ್ಮ ಮೇಜಿನ ಮೇಲಿದ್ದ ನಿಜವಾದ ಅಯಸ್ಕಾಂತದ ಜೋಡಿಯನ್ನು ಕೂಡಿಸಿ, ಬಿಡಿಸಿ ನೋಡಿದಳು. "ಇವು ಎಷ್ಟು ಎಳೆದ್ರೂ ಒಂದರೊಳಗೊಂದು ತೂರಲ್ವಲ್ಲೇ. ನಿನ್ನವ್ಯಾಕೆ ತೂರ್ತವೆ?"

ತಪ್ಪು ಅಲ್ಲೇ ಇತ್ತು. ನಾನು ಒಂದೊಂದನ್ನೂ ಬರೀ ಚುಕ್ಕಿಯೆಂದು ಬಗೆದಿದ್ದೆ. ಅಂತರ ಕಡಿಮೆಯಾದಷ್ಟೂ ಎಳೆತ ಹೆಚ್ಚು; ಅದು ಸೊನ್ನೆಯಾದರೆ ಬಲಕ್ಕೆ ಮಿತಿಯೆಲ್ಲಿ? ಗಟ್ಟಿ ಮೈ ಕೊಟ್ಟು, ಧ್ರುವಗಳನ್ನು ತುದಿಗಳಿಂದ ತುಸು ಒಳಗೆ ಕೂರಿಸಿದೆ. ಟಕ್ಕೆಂದು ಅಂಟಿ ನಿಂತವು. ನೂರು ಸಲ ಓಡಿಸಿದರೂ ಒಂದೂ ಸಿಡಿಯಲಿಲ್ಲ.

"ಅಮ್ಮಾ, ನೋಡು!"

"ಅದ್ರಲ್ಲೇನಿದೆ? ಅವು ಇರೋದೇ ಹಾಗೆ."

ಇದಕ್ಕಿಂತ ದೊಡ್ಡ ಶಭಾಷ್‌ಗಿರಿ ಮೇಡಂ ಕೂಡ ಕೊಡಲಾರರು. ಅವು ಉರುಳುವಾಗ ಮಾತ್ರ ಇನ್ನೂ ಸ್ವಲ್ಪ ಅದುರುತ್ತವೆ... ಇರಲಿ, ಕಣ್ಣು ಎಳೆಯುತ್ತಿದೆ.