ಕುಷ್ಟಗಿ-ಗದಗಿನ ನಡುವಿನ ಒಂದು ರಾತ್ರಿ

ಮಸ್ಕಿ
ಕ್ರಿ.ಶ. ೨೧೭೪, ಕಾರ್ತಿಕ ಬಹುಳ ಏಕಾದಶಿ

ಪೂಜ್ಯ ವನಮಾಲಾ ಅಜ್ಜಿಯವರಿಗೆ, ನಿಮ್ಮ ಮನೆಯ ಆರನೆಯ ತಲೆಮಾರಿನ ಸೊಸೆ ರುಕ್ಮಾಬಾಯಿಯ ನಮಸ್ಕಾರಗಳು.

ಇವತ್ತು ಉಪವಾಸ. ಅಂಗಳ ಸಾರಿಸಿ, ರಂಗೋಲಿ ಹಾಕಿ, ತುಳಸಿಗೆ ನೀರೆರೆದು, ನಾಳೆ ಬೆಳಿಗ್ಗೆ ಉಪವಾಸ ಬಿಡುವ ಪಾರಣೆಗೆ ಅಗಸೆ ಸೊಪ್ಪು ಬಿಡಿಸಿಟ್ಟು ಬರೆಯಲು ಕುಳಿತಿದ್ದೇನೆ. ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಹಿಂದಂಚೆ ಎಂಬುದಿದೆ. ಕಳೆದುಹೋದ ವರ್ಷಗಳಿಗೆ ಕಾಗದ ಮುಟ್ಟಿಸಿ, ಅಲ್ಲಿಂದ ಉತ್ತರವನ್ನೂ ತರುತ್ತದೆ. ಹೇಗೆಂದು ಕೇಳಬೇಡಿ, ನಾನು ಊರ ಶಾಲೆಯಲ್ಲಿ ಓದಿದವಳು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ಸೈಕಲ್ ಮೇಲೆ ರಾಯಚೂರಿನಿಂದ ಕಾರವಾರಕ್ಕೆ ಹೋಗಿಬಂದ ಮರುವರ್ಷ ಇದು ನಿಮ್ಮ ಕೈಸೇರುತ್ತದೆ. ನೀವಾಗ ನನಗಿಂತ ಚಿಕ್ಕವರು, ಆದರೂ ಅಜ್ಜಿಯೇ.

ಬರುವ ಪುಷ್ಯಮಾಸದಲ್ಲಿ ನಮ್ಮ ಮನೆಯ ಹೆಂಗಸರು ನಿಮ್ಮ ದಾರಿಯಲ್ಲೇ ಹೊರಡುತ್ತಿದ್ದಾರೆ. ಈಗ ದೊಡ್ಡ ದಾರಿಗಳೆಲ್ಲ ನೆರಳುರಸ್ತೆಗಳು. ಬಿಸಿಲಿನಿಂದ ವಿದ್ಯುತ್ ಮಾಡುವ ಚಪ್ಪರ ಉದ್ದಕ್ಕೂ ಹಾಕಿರುತ್ತಾರೆ, ಅದರ ಕೆಳಗೆ ಸೈಕಲ್ಲುಗಳದ್ದೇ ಓಡಾಟ. ಹತ್ತು ಮೈಲಿಗೊಂದು ತಂಗುಕಟ್ಟೆ: ಕುಡಿಯಲು ನೀರು, ಪಂಕ್ಚರ್ ಹಾಕುವವರು, ಮಡಿಯಲ್ಲಿ ಅಡಿಗೆ ಮಾಡಿಕೊಳ್ಳಲು ಒಂದು ಒಲೆ. ಕುಷ್ಟಗಿಯಿಂದ ಗದಗಿನವರೆಗೆ ಮಾತ್ರ ಚಪ್ಪರವೂ ಇಲ್ಲ, ಕಟ್ಟೆಯೂ ಇಲ್ಲ.

ಆ ದಾರಿಯಲ್ಲಿ ನೀವು ಬರೆದ ನೋಟುಬುಕ್ಕು ಈಗಲೂ ಮನೆಯಲ್ಲಿದೆ, ಅದರಲ್ಲಿ ತಾರೀಖುಗಳಿಲ್ಲ. ಊರು ಮತ್ತು ಊಟ, ಅಷ್ಟೇ. “ಕುಷ್ಟಗಿ, ಮಧ್ಯಾಹ್ನ ರೊಟ್ಟಿ. ಸೂರ್ಯ ಏಳುತ್ತಲೇ ಊಟ, ಅಗಸೆ ಪಲ್ಯ. ಗದಗ, ಸಂಜೆ ಹಾಲು.” ಇದನ್ನು ಓದಿದ ನನ್ನ ನಾದಿನಿ ಪ್ರಮೀಳಾ, ನೀವು ಬೆಳಿಗ್ಗೆ ಕುಷ್ಟಗಿಯಲ್ಲಿ ಉಂಡು ಅದೇ ಸಂಜೆ ಗದಗ ಮುಟ್ಟಿದಿರಿ ಎಂದು ತಿಳಿದು, ಪ್ರಯಾಣದ ಪಟ್ಟಿಯಲ್ಲಿ ನಮ್ಮದೂ ಹಾಗೇ ಎಂದು ಬರೆದಳು. ಒಂದೇ ದಿನ ಅಷ್ಟು ದೂರ ಆಗದೆಂದು ಐವತ್ತರ ನನ್ನ ಹೆಸರು ತೆಗೆದುಹಾಕಿದಳು.

“ವೈನಿ, ನೀವು ಗುಡಿ ಸುತ್ತಿದ ಪ್ರದಕ್ಷಿಣಿ ಎಲ್ಲಾ ಕೂಡಿಸಿದ್ರೂ ಗದಗ ಮುಟ್ಟೂದಿಲ್ಲ!”

“ಕೂಡಿಸಿ ನೋಡವಾ, ಕಾರವಾರ ದಾಟಿ ಸಮುದ್ರದಾಗ ಇಳಿದಿರ್ತದ,” ಅಂದೆ. ಎಲ್ಲರೂ ನಕ್ಕರು. ಹೆಸರು ಮಾತ್ರ ಸೇರಿಸಲಿಲ್ಲ.

ಇವತ್ತು ಸೊಪ್ಪು ಬಿಡಿಸುವಾಗ ಕೈ ನಿಂತಿತು. ಸೂರ್ಯ ಏಳುತ್ತಲೇ ಊಟ, ಅದೂ ಅಗಸೆ ಪಲ್ಯ! ದ್ವಾದಶಿಯ ಪಾರಣೆಯಲ್ಲದೆ ಮತ್ತೇನು? ಅದರ ಹಿಂದಿನ ದಿನ ಏಕಾದಶಿ. ನೀವು ಹನಿ ನೀರೂ ಮುಟ್ಟಿರಲಿಲ್ಲ, ಅದಕ್ಕೇ ಆ ದಿನವನ್ನೇ ಬರೆಯಲಿಲ್ಲ. ಒಂದು ದಿನದ ದಾರಿಯಲ್ಲ ಅದು, ಎರಡು ದಿನದ್ದು.

ಪ್ರಮೀಳಾ ಬಿಡುವವಳೇ? “ಉಪಾಸ ಮಾಡಿ ಯಾರರ ಸೈಕಲ್ ತುಳೀತಾರೇನು? ಆ ದಿನಾ ಕುಷ್ಟಗಿಯಾಗ ಮಲಗಿರಬೇಕು,” ಅಂದಳು. ನಾನು ಉಪವಾಸದಲ್ಲೇ ಸೈಕಲ್ ತೆಗೆದು ಹತ್ತು ಮೈಲಿ ತುಳಿದು ಬಂದೆ. ಬಾಯಿ ಒಣಗಿತು, ಕಾಲು ಸೋಲಲಿಲ್ಲ. ದೇವರು ಉಪವಾಸವನ್ನೂ ಕೊಟ್ಟ, ಕಾಲನ್ನೂ ಕೊಟ್ಟ.

ಅಜ್ಜಿ, ಆ ರಾತ್ರಿ ನಡುವೆ ಯಾವ ಊರಲ್ಲಿ ತಂಗಿದಿರಿ? ಬೆಳಿಗ್ಗೆ ಪಲ್ಯ ಮಾಡಿಕೊಟ್ಟವರು ಯಾರು? ಊರ ಹೆಸರೊಂದು ಬಂದರೆ ಸಾಕು, ನಾನು ಹೊರಟೆನೆಂದೇ ತಿಳಿಯಿರಿ. ಲಕೋಟೆಯ ಮೇಲೆ ಪ್ರಮೀಳಾಳ ಹೆಸರು ಬರೆಯಿರಿ; ಹಿಂದಂಚೆಯವರು ಹೆಸರಿದ್ದವರ ಕೈಗೇ ಕೊಡುತ್ತಾರೆ, ಅವಳೇ ಓದಿ ನಂಬಲಿ.

ಈ ಕಾಗದ ಹಾಕಲು ನಾಳೆ ಲಿಂಗಸುಗೂರಿಗೆ ಹೋಗುವವಳೂ ಅವಳೇ, ದಾರಿಯಲ್ಲಿ ಬಿಚ್ಚಿ ಓದುವವಳೂ ಅವಳೇ. ಓದಿದೆಯಲ್ಲವಾ ಪ್ರಮೀಳಾ? ಹಾಗಾದರೆ ಉತ್ತರ ಬಂದ ದಿನ ನೀನೇ ಹೋಗಿ ತಗೊಂಡು ಬಾ. ಬರುವಾಗ ನನ್ನ ಸೈಕಲ್ಲಿಗೆ ಹೊಸ ಬ್ರೇಕ್ ರಬ್ಬರನ್ನೂ ತಾ.